ಮೊದಲಿದ್ದ ಹಾಗೆ

"ಹಲೋ, ಹೇಳಿ ಸರ್," ಎಂದಿತು ಫೋನಿನ ಆ ಕಡೆಯ ದನಿ.

ಆ 'ಸರ್' ಹಲ್ಲಿನ ಸೆಟ್ ಮಾಡುವ ಮೇಸ್ತ್ರಿಯ ಕಿವಿಗೆ ಚುಚ್ಚಿತು. ಆರು ವರ್ಷ ಬಾಯ್ತುಂಬ 'ಮಾವ' ಎಂದು ಕರೆದ ದನಿ ಅದು. ಮಗಳಿಗೂ ಅವನಿಗೂ ವಿಚ್ಛೇದನವಾಗಿ ವರ್ಷ ಕಳೆದಿತ್ತು. ಕೋರ್ಟು ಗಂಡ ಹೆಂಡಿರನ್ನು ಬೇರೆ ಮಾಡಿತು, ಸರಿ. ಮಾವ ಅಳಿಯಂದಿರ ಬಗ್ಗೆ ತೀರ್ಪಿನಲ್ಲಿ ಒಂದಕ್ಷರವೂ ಇರಲಿಲ್ಲ. ಆದರೂ ಮಗಳು "ಅವರಿಗೆ ಫೋನ್ ಗೀನ್ ಮಾಡ್ಬೇಡಪ್ಪ, ನಂಗೆ ಒಂಥರಾ ಆಗತ್ತೆ" ಎಂದಿದ್ದಳು. ಮೇಸ್ತ್ರಿ ಹಲ್ಲು ಕಚ್ಚಿ ಸುಮ್ಮನಿದ್ದರು. ಈ ವಾರ ಪುಣ್ಯಕ್ಕೆ ಲ್ಯಾಪ್‌ಟಾಪ್ ಕೈಕೊಟ್ಟಿತು; ಭಾನುವಾರ ಬಂದದ್ದೇ ಫೋನ್ ಮಾಡಿದರು.

"ನೀನು ಕೊಡಿಸಿದ್ದೆಯಲ್ಲಪ್ಪ, ಅದೇ ಲ್ಯಾಪ್‌ಟಾಪು. ಅಂಗಡಿಯವನೊಬ್ಬ ಹೊಸಾ ಸಿಸ್ಟಂ ಹಾಕ್ಕೊಡ್ತೀನಿ ಅಂತ ಹಾಕಿಟ್ಟ. ಅವತ್ತಿಂದ ಆಮೆ ಆಗಿ ಕೂತಿದೆ. ಆನ್ ಮಾಡಿ, ಒಬ್ಬರಿಗೆ ಹಲ್ಲು ಕೂರಿಸಿ ಬಂದ್ರೂ ಇನ್ನೂ ಆಕಳಿಸ್ತಾನೇ ಇರತ್ತೆ. ಕೊಂಡಾಗ ಹೇಗಿತ್ತೋ ಹಾಗೇ ಮಾಡೋಕಾಗತ್ತಾ?"

"ಆಗತ್ತೆ ಸರ್. ಕಂಪನಿಯವರು ಮೊದಲು ಹಾಕಿದ್ದನ್ನ ಒಳಗೇ ಒಂದು ಮೂಲೇಲಿ ಇಟ್ಟಿರ್ತಾರೆ. ಆದ್ರೆ ಆಮೇಲೆ ನೀವು ತುಂಬಿಕೊಂಡಿದ್ದೆಲ್ಲ ಹೋಗತ್ತೆ. ಬೇಕಾದ್ದು ಎತ್ತಿಟ್ಕೊಂಡಿದೀರಾ?"

"ಗಿರಾಕಿಗಳ ಅಳತೆ ಎಲ್ಲ ಪೆನ್‌ಡ್ರೈವ್‌ಗೆ ಹಾಕ್ಕೊಂಡೆ. ಇನ್ನು..." ಮೇಸ್ತ್ರಿ ದನಿ ತಗ್ಗಿಸಿದರು. "ನಿಮ್ಮ ಮದುವೆ ಫೋಟೋ ಇದೆ ಒಂದಷ್ಟು. ಅದನ್ನ ಎತ್ತಿಡಬೇಕೋ ಬೇಡವೋ ಗೊತ್ತಾಗ್ಲಿಲ್ಲ."

ಆ ಕಡೆ ಯಾವುದೋ ನಲ್ಲಿಯಿಂದ ನೀರು ಬೀಳುವುದು ಕೇಳಿತು, ನಿಂತಿತು. "ಹೋಗ್ಲಿ ಬಿಡಿ. ನನ್ ಹತ್ರ ಇದೆ, ಮಾವ."

ಹಾಗೆಂದದ್ದು ಅವನಿಗೇ ಗೊತ್ತಾಯಿತೋ ಇಲ್ಲವೋ. ಮೇಸ್ತ್ರಿ ಕನ್ನಡಕ ತೆಗೆದು ಅಂಗಿಯ ತುದಿಗೆ ಒರೆಸಿಕೊಂಡರು. ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು, ಅವನು ಹೇಳಿದ ಹಾಗೆ ಯಂತ್ರವನ್ನು ಪೂರ್ತಿ ಆರಿಸಿದರು. ಮತ್ತೆ ಹಚ್ಚಿದ ಕೂಡಲೇ ಮೇಲಿನ ಸಾಲಿನ ಎಫ್ ಹನ್ನೊಂದು ಎಂಬ ಕೀಲಿಯನ್ನು ಒಂದೇ ಸಮ ಕುಟ್ಟಿದರು. "ಮೆಲ್ಲಗೆ ಮಾವ, ಅದು ನೀವು ಮಾಡಿದ ಹಲ್ಲಲ್ಲ, ಉದುರಿ ಹೋದೀತು!" ಎಂದು ಅವನು ನಕ್ಕ. ನೀಲಿ ಪರದೆಯೊಂದು ಬಂದು ಇಂಗ್ಲಿಷಿನಲ್ಲಿ ಏನೇನೋ ಹೆದರಿಸಿತು.

"ಎಲ್ಲ ಅಳಿಸಲಾ ಅಂತ ಕೇಳತ್ತೆ. ಹೂಂ ಅನ್ನಿ."

"ಹೂಂ," ಎಂದರು ಮೇಸ್ತ್ರಿ, ಗಟ್ಟಿಯಾಗಿ.

"ಬಾಯಲ್ಲಲ್ಲ ಮಾವ! ಅಲ್ಲಿ 'ಯೆಸ್' ಒತ್ತಿ."

ಕೆಳಗೆ ಒಂದು ಗೆರೆ ಮೆಲ್ಲಗೆ ತುಂಬತೊಡಗಿತು. ನಾಲ್ಕು ಪರ್ಸೆಂಟ್. "ಇನ್ನು ಅದರ ಪಾಡಿಗೆ ಅದು ಆಗತ್ತೆ. ಫೋನ್ ಇಡ್ಲಾ?" ಎಂದ.

"ಅಯ್ಯೋ ಇಡಬೇಡ! ನಡುವೆ ಇನ್ನೇನಾದ್ರೂ ಕೇಳಿದ್ರೆ? ನಾನು ಏನೋ ಒತ್ತಿ, ನೆಗಡಿ ಬಂತು ಅಂತ ಮೂಗು ಕೊಯ್ಕೊಂಡ ಹಾಗಾದ್ರೆ?"

"ಸರಿ, ಇರ್ತೀನಿ."

ಇದ್ದ. ಮೊದಲೆಲ್ಲ ಭಾನುವಾರ ಬಂದರೆ ಅವನು ಇಲ್ಲೇ, ಈ ಕೋಣೆಯ ಸ್ಟೂಲಿನ ಮೇಲೆ ಕೂತು ಸಂಜೆಯವರೆಗೆ ಹರಟುತ್ತಿದ್ದ. ಈಗ ಆ ಸ್ಟೂಲಿನ ಮೇಲೆ ಪ್ಲಾಸ್ಟರಿನ ಚೀಲ ಕೂತಿತ್ತು. ಗೋಡೆಯುದ್ದಕ್ಕೂ ಹಲಗೆಯ ಮೇಲೆ ಅಚ್ಚು ತೆಗೆದ ಬಾಯಿಗಳೇ ಬಾಯಿಗಳು. ಮಾತಾಡುವ ಒಂದು ಬಾಯಿಯೂ ಇಲ್ಲ.

"ಊಟಕ್ಕೆ ಏನ್ ಮಾಡ್ಕೋತೀಯ?"

"ಏನೋ ಒಂದು. ನೀವು?"

"ನಾನೂ ಏನೋ ಒಂದು. ಅದಿರ್ಲಿ, ನಿನ್ನ ಆ ಬಲಗಡೆ ದವಡೆ ಹಲ್ಲು ಹೇಗಿದೆ?"

"ತಣ್ಣಗಿನದು ಕುಡಿದ್ರೆ ಜುಮ್ ಅನ್ನತ್ತೆ."

"ತೋರಿಸ್ಕೋ ಮಾರಾಯ. ಹಲ್ಲಿನ ವಿಷಯದಲ್ಲಿ ನಾಳೆ ಅನ್ಬಾರ್ದು."

ಹೀಗೇ ಮಾತು ಬೆಳೆಯಿತು. ಅವನ ಆಫೀಸು, ಮೇಸ್ತ್ರಿಯ ಮಂಡಿನೋವು, ಸೆಟ್ ಹಾಕಿಕೊಂಡು ಸೀನಿ ಅದನ್ನು ಬೀದಿಗೆ ಹಾರಿಸಿದ ಗಿರಾಕಿ. ಇಬ್ಬರೂ ಮಗಳ ಹೆಸರೆತ್ತಲಿಲ್ಲ.

"ಎಷ್ಟಾಯ್ತು ಮಾವ?"

ಪರದೆಯ ಮೇಲೆ ತೊಂಬತ್ತೊಂದು ಇತ್ತು. "ನಲವತ್ತು," ಎಂದರು ಮೇಸ್ತ್ರಿ. ಸುಳ್ಳು ಹೇಳಿ ಅಭ್ಯಾಸವಿಲ್ಲ, ಕಿವಿ ಬಿಸಿಯಾಯಿತು. ಲ್ಯಾಪ್‌ಟಾಪು ಹಾಳಾಗಿ ಹೋಗಲಿ, ಅವರಿಗೆ ಬೇಕಾಗಿದ್ದದ್ದು ಈ ದನಿ. ಇದು ಸರಿಯಾಗಿಬಿಟ್ಟರೆ ನಾಳೆ ಯಾವ ನೆಪ ಹೂಡಿ ಫೋನ್ ಮಾಡುವುದು? ವಾರಕ್ಕೊಂದು ಸಲ ಕೆಡು ಎಂದರೆ ಯಂತ್ರ ಕೇಳುತ್ತದೆಯೇ?

ಅಷ್ಟರಲ್ಲಿ ಗೆರೆ ತುಂಬಿತು. ಪರದೆ ಒಮ್ಮೆ ಆರಿ ಝಗ್ಗೆಂದು ಹತ್ತಿತು. ಅಂಗಡಿಯಿಂದ ಬಂದ ದಿನದ ಹಾಗೆ ಪೂರ್ತಿ ದನಿಯೇರಿಸಿ, ಕೋಣೆಯೆಲ್ಲ ಮೊಳಗುವಂತೆ ತನ್ನ ಸ್ವಾಗತದ ರಾಗ ಹಾಡಿಬಿಟ್ಟಿತು. ಮೇಸ್ತ್ರಿ ಗಾಬರಿಯಿಂದ ಎರಡೂ ಅಂಗೈಯಲ್ಲಿ ಅದರ ಬಾಯಿ ಮುಚ್ಚಿದರು.

ಅದು ಆ ಕಡೆಗೂ ಕೇಳಿಸಿರಲೇಬೇಕು.

"ಅದು... ಬೀದೀಲಿ ಯಾವ್ದೋ ಗಾಡಿ ಹಾರ್ನು," ಎಂದರು.

ದಿನಾ ಆಫೀಸಿನ ಲ್ಯಾಪ್‌ಟಾಪುಗಳನ್ನೇ ರಿಪೇರಿ ಮಾಡುವವನಿಗೆ ಆ ರಾಗ ಗೊತ್ತಿಲ್ಲದ್ದೇನಲ್ಲ. ಮೇಸ್ತ್ರಿ ಕಣ್ಣು ಮುಚ್ಚಿ ಕಾದರು.

"ನಲವತ್ತಕ್ಕೇ ನಿಂತಿದೆಯಾ ಮಾವ?" ಎಂದ ಅವನು, ನಿಧಾನವಾಗಿ.

"ಹೂಂ. ನಿಂತಿದೆ."

"ಹಾಗಾದ್ರೆ ಎಲ್ಲೋ ಏನೋ ತಪ್ಪಾಗಿದೆ. ಪವರ್ ಬಟನ್ ಒತ್ತಿ ಹಿಡ್ಕೊಳ್ಳಿ. ಇನ್ನೊಂದ್ಸಲ ಮಾಡೋಣ."

ಮೇಸ್ತ್ರಿ ಒತ್ತಿ ಹಿಡಿದರು. ಹೊಚ್ಚಹೊಸದರಂತೆ ಹೊಳೆಯುತ್ತಿದ್ದ ಪರದೆ ಅವರ ಕಣ್ಣೆದುರೇ ಆರಿಹೋಯಿತು.