ಎರಡೂ ಕೈ

ಅಡುಗೆಮನೆಯ ನೆಲುವಿನ ಹಗ್ಗ ಹಿಡಿದು ಅಡವಿಯಪ್ಪ ತೋರಿಸಿದ. “ನೋಡು ದ್ಯಾವಣ್ಣ, ಕ್ರೇನಿಗೆ ತಗುಲ್ಹಾಕೋ ಬುಟ್ಟೀನೂ ಹಿಂಗೇ ಇರ್ತದೆ, ಆದ್ರೆ ಆಳುದ್ದ. ಗಂಟುಮೂಟೆ ಒಳಗಡೆ. ನಾವು ಹೊರಗಡೆ ಅಂಚಿನ ಮೇಲೆ ನಿಂತ್ಕೊಂಡು ಹಗ್ಗಾನ ಎರಡು ಕೈಯಾಗೂ ತಬ್ಕಬೇಕು. ದೋಣಿ ಅಲೆ ಮೇಲಕ್ಕೆ ಬಂದೇಟ್ಗೆ ನಾನು ಎತ್ತಿಬುಡ್ತೀನಿ. ದೊಡ್ಡ ಹಡಗಿನಾಗೆ ಇಳಿಸೋಗಂಟ ದೇವ್ರೇ ಕರೆದ್ರೂ ಕೈ ಬುಡಂಗಿಲ್ಲ.”

ಗುಬ್ಬಿಯ ಈ ಅಡವಿಯಪ್ಪ ಬೊಂಬಾಯಿ ಸಮುದ್ರದಲ್ಲಿ ಎಣ್ಣೆ ಬಾವಿ ಕೊರೆಯುವ ಹಡಗಿನ ಕ್ರೇನ್ ಡ್ರೈವರ್. ಹೆಬ್ಬೂರಿನ ದ್ಯಾವಪ್ಪನ ಮಗ ಹೊನ್ನಯ್ಯನನ್ನು ಅಲ್ಲಿಗೆ ಸೇರಿಸಿದವನೂ ಅವನೇ. ಹೊನ್ನಯ್ಯ ಬುಟ್ಟಿಯಿಂದ ಸಮುದ್ರಕ್ಕೆ ಬಿದ್ದು ಇಪ್ಪತ್ತು ದಿನವಾಗಿತ್ತು. ‘ತನ್ನ ಅಜಾಗರೂಕತೆಯಿಂದಲೇ ಸತ್ತ’ ಎಂಬ ಕಾಗದಕ್ಕೆ ಅಪ್ಪನ ಹೆಬ್ಬೆಟ್ಟು ಒತ್ತಿಸಿಕೊಳ್ಳಲು ಕಂಪನಿಯ ಸಾಹೇಬರು ಇವತ್ತು ಬರುವವರಿದ್ದರು. ಸತ್ತವನ ಮೇಲೆ ಏನು ಬೇಕಾದರೂ ಹೇರಬಹುದು, ಅವನೇನು ಎದ್ದು ಬಂದು ಅಲ್ಲ ಅನ್ನುತ್ತಾನೆಯೇ?

“ಮತ್ತೆ ನನ್ ಮಗ ಯಾಕ್ ಬುಟ್ಟ?”

“ಅವತ್ತು ಅಲೆ ಮನೆ ಎತ್ತರ ಏಳ್ತಿತ್ತು. ಈಗ ಬ್ಯಾಡ ಸಾರ್ ಅಂದೆ. ಇವತ್ತು ಬರೋ ಇದೇ ಸಾಹೇಬ್ರಿಗೆ ಅದೇ ಬುಟ್ಟೀಲಿ ದೋಣಿಗಿಳಿದು ವಾಪಸ್ ಹೋಗೋ ಅವಸರ. ಎತ್ತಯ್ಯಾ ಅಂದ್ರು. ಎತ್ದೆ. ಹೊನ್ನಯ್ಯ ಮೇಲಕ್ಕೆ ಬಂದ. ಎದುರಿಗೇ ಹಡಗಿನ ಅಂಚಿನಾಗೆ ಸಾಹೇಬ್ರು ನಿಂತಿದ್ರು. ಕಂಡೇಟ್ಗೆ...” ಅಡವಿಯಪ್ಪ ನೆಲುವಿನ ಹಗ್ಗ ಬಿಟ್ಟ. “ಕೈ ಮುಗ್ದ ಕಣಣ್ಣ. ಅಷ್ಟ್ರಲ್ಲಿ ಗಾಳಿ ಬುಟ್ಟೀನ ಒದರಿಬುಡ್ತು.”

ಹಿಂದೊಮ್ಮೆ ಶಾನುಭೋಗರಿಗೆ ಒಂಟಿ ಕೈಯಲ್ಲಿ ಸಲಾಮು ಹೊಡೆದನೆಂದು ಹುಡುಗನಿಗೆ ಹುಣಸೆ ಬರಲಲ್ಲಿ ಬಾರಿಸಿದ್ದವನು ದ್ಯಾವಪ್ಪನೇ. ದೊಡ್ಡವರು ಎದುರಾದರೆ ಎರಡೂ ಕೈ ಎತ್ತಿ ಮುಗಿಯಬೇಕು ಎಂದು ಕಲಿಸಿದವನೂ ಅವನೇ. ಪಾಪಿ, ಅದನ್ನೊಂದು ಮರೆಯಬಾರದಿತ್ತೇ!

“ಅಲೆ ಹಂಗಿದ್ದಾಗ ಎತ್ತು ಅಂದೋರ್ ಯಾರು ಸ್ವಾಮಿ, ಅಂತ ಕೇಳ್ತೀನಿ. ಹೆಬ್ಬೆಟ್ಟು ಒತ್ತಾಕಿಲ್ಲ,” ಎಂದ ದ್ಯಾವಪ್ಪ.

“ನೀನು ಬಾಯಿ ತೆಗಿ ಸಾಕು. ಸಾಕ್ಷಿ ನಾನು ಹೇಳ್ತೀನಿ. ಕೆಲ್ಸ ಹೋದ್ರೆ ಹೋಗ್ಲಿ.”

ಇಬ್ಬರೂ ಪಡಸಾಲೆಗೆ ಬಂದು ಕೂತ ಹೊತ್ತಿಗೆ ಜೀಪು ಬಂದು ನಿಂತಿತು. ಬಿಳಿ ಅಂಗಿಯ ಸಾಹೇಬರು ತಲೆ ಬಗ್ಗಿಸಿ ಹೊಸ್ತಿಲು ದಾಟಿದರು. ದ್ಯಾವಪ್ಪ ಎದ್ದು ನಿಂತ. ಬೆಳಗಿನಿಂದ ಹಲ್ಲು ಕಚ್ಚಿ ಕಾದಿದ್ದ ಮಾತು ನಾಲಿಗೆಯ ತುದಿಗೇ ಬಂದಿತ್ತು. ಆದರೆ ಅದಕ್ಕಿಂತ ಮೊದಲು ಅವನ ಎರಡೂ ಕೈ ತಾವಾಗಿಯೇ ಎದ್ದು ಎದೆಯ ಮುಂದೆ ಕೂಡಿಕೊಂಡವು. ಮಾತು ಅಲ್ಲೇ ಇಂಗಿಹೋಯಿತು.

“ಕೇಳಿ! ಬಾಯಿಗೇನು ಬೀಗ ಹಾಕ್ಕೊಂಡ್ರಾ?” ಒಳಗಿನಿಂದ ಹೆಂಡತಿ ಪುಟ್ಟತಾಯಮ್ಮ ಕಿರುಚಿದಳು. ದ್ಯಾವಪ್ಪನ ಮುಗಿದ ಕೈ ಕೆಳಗಿಳಿಯಲಿಲ್ಲ. ಅಡವಿಯಪ್ಪ ನೆಲ ನೋಡುತ್ತ ನಿಂತ.

“ಪಾಪ, ಒಳ್ಳೆಯ ಹುಡುಗ. ತುಂಬಾ ಮರ್ಯಾದಸ್ಥ,” ಎನ್ನುತ್ತ ಸಾಹೇಬರು ಮಸಿಯ ಡಬ್ಬಿ ತೆರೆದರು. ನಂತರ ದ್ಯಾವಪ್ಪ ಮುಗಿದೇ ಇದ್ದ ಕೈಗಳನ್ನು ತಾವೇ ಮೆಲ್ಲಗೆ ಬಿಡಿಸಿ, ಎಡಗೈಯ ಹೆಬ್ಬೆರಳನ್ನು ಹಿಡಿದು ಮಸಿಗೆ ಒತ್ತಿದರು.