ಕತ್ತಿ ಯಾರದು?

ಆ ಕತ್ತಿಗೊಂದು ಶಾಪವಿತ್ತು: ಬೀಸಿದ ಒಂದೊಂದು ಏಟಿಗೂ, ಕತ್ತಿ ಯಾರದೋ ಅವರಿಗೆ ಹತ್ತು ವರ್ಷ ವಯಸ್ಸಾಗಿಬಿಡುತ್ತಿತ್ತು. ತಂಡಕ್ಕೆಲ್ಲ ಗೊತ್ತಿದ್ದ ವಿಷಯ. ಐವತ್ತರ ದಳಪತಿ ಅದನ್ನು ತಾನೇ ಬೀಸುವಷ್ಟು ದಡ್ಡನಲ್ಲ. ಗುಹೆಯ ಬಾಯಲ್ಲಿ ರಾಕ್ಷಸ ಗುಡುಗಿದಾಗ ಕತ್ತಿಯನ್ನು ಅಡುಗೆಯವಳ ಕೈಗೆ ತುರುಕಿದ; ಹಿಡಿದವರಿಗೇ ಶಾಪ ತಟ್ಟುತ್ತದೆ ಎಂಬುದು ಅವನ ಲೆಕ್ಕ. ಸೌಟು ಹಿಡಿಯುವ ಜೀವ ಸವೆದರೆ ಯಾರಿಗೇನು ನಷ್ಟ?

“ಹೋಗೇ, ಸೊಪ್ಪು ಹೆಚ್ಚಿದ ಹಾಗೆ ಹೆಚ್ಚಿಬಿಡು.”

ಅವಳು ಕತ್ತಿಯನ್ನು ಹೊರಳಿಸಿ ನೋಡಿದಳು. “ಇದನ್ನ ನಂಗೇ ಕೊಟ್ಬಿಟ್ರಾ, ಧಣಿ?”

ದಳಪತಿಗೆ ನಗು ತಡೆಯಲಾಗಲಿಲ್ಲ. “ನಿನ್ನ ಮುಸುಡಿಗೆ ಇದೊಂದು ಕೇಡು! ಕತ್ತಿ ನಂದು ಕಣೇ. ಕೆಲಸ ಮುಗಿದ ಮೇಲೆ ತೊಳೆದು ತಂದುಕೊಡು.”

“ಎಲ್ಲಾರೂ ಕೇಳಿಸ್ಕೊಂಡ್ರಲ್ಲ,” ಎಂದು ಅವಳು ತಂಡದವರಿಗೆ ಹೇಳಿ, ಸೆರಗು ಸಿಕ್ಕಿಸಿ ಮುನ್ನುಗ್ಗಿದಳು.

ಮೂರನೇ ಏಟಿಗೆ ದಳಪತಿಯ ಮಂಡಿ ಕುಸಿಯಿತು. ನಾಲ್ಕನೆಯದಕ್ಕೆ ಅವನ ಹಲ್ಲುಗಳು ಒಂದೊಂದಾಗಿ ಅಂಗೈಗೆ ಉದುರಿದವು; ಆ ಅಂಗೈಯೂ ಸುಕ್ಕುಗಟ್ಟಿ ನಡುಗುತ್ತಿತ್ತು.

ಅವಳ ಜಡೆಯಲ್ಲಿ ಒಂದು ಕೂದಲೂ ನರೆತಿರಲಿಲ್ಲ. ನೆಲಕ್ಕೆ ಬಿದ್ದಿದ್ದ ರಾಕ್ಷಸನನ್ನು ಕಾಲಿನಿಂದ ತಿವಿದು ನೋಡಿ, ದಳಪತಿಯ ಕಡೆ ತಿರುಗಿದಳು.

“ಇನ್ನೂ ಉಸಿರಾಡ್ತಾವ್ನೆ. ಇನ್ನೊಂದು ಹಾಕ್ಲಾ, ಧಣಿ?”