ಮೊದಲು ಚರ್ಚು, ಕೊನೆಗೆ ಕೊಳ

ಇಂಗ್ಲೆಂಡಿನಲ್ಲಿರುವ ಮಗಳ ಮನೆಗೆ ಬಂದ ಅತ್ತೆಗಾಗಿ ಅಳಿಯ ಶನಿವಾರದ ಪ್ರವಾಸದ ಪಟ್ಟಿ ಮಾಡಿದ. ಬೆಳಿಗ್ಗೆ ಬಾತ್ ಊರಿನಲ್ಲಿ ರೋಮನ್ನರ ಬಿಸಿನೀರಿನ ಕೊಳ, ಮಧ್ಯಾಹ್ನ ಸ್ಟೋನ್‌ಹೆಂಜ್‌ನ ಪುರಾತನ ಕಲ್ಲುಕಂಬಗಳು, ಸಂಜೆ ಸಾಲ್ಸ್‌ಬರಿಯ ಹಳೇ ಚರ್ಚು.

"ಚರ್ಚಿನೊಳಗೆಲ್ಲ ಗೋರಿಗಳಿವೆ ಅತ್ತೆ. ನಿಮ್ಮ ಮಡಿಗೆ ಒಗ್ಗದಿದ್ರೆ ಬಿಟ್ಬಿಡೋಣ."

"ಇಷ್ಟು ದೂರ ಬಂದು ನೋಡದೆ ಹೋಗೋದುಂಟಾ? ಚರ್ಚು ಮೊದಲಿಗಿಡಿ, ಕೊಳ ಕೊನೆಗಿರಲಿ."

ಅತ್ತೆ ಇಷ್ಟು ಸುಧಾರಿಸಿದ್ದಾರೆಂದು ಅಳಿಯ ಬೆರಗಾದ. ಶನಿವಾರ ಅತ್ತೆ ಬಿಷಪ್ಪುಗಳ ಗೋರಿಗಳನ್ನು ಒಂದೂ ಬಿಡದೆ ತಟ್ಟಿ ನೋಡಿದರು. ಸ್ಟೋನ್‌ಹೆಂಜ್ ಎದುರು ನಿಂತು, "ಕಂಬ ನಿಲ್ಲಿಸಿದ ಮೇಲೆ ಮೇಸ್ತ್ರಿ ಕೈಕೊಟ್ಟ ಅಂತ ಕಾಣುತ್ತೆ" ಎಂದರು. ಆದರೆ ಮನೆಯಿಂದ ತಂದ ಪುಳಿಯೋಗರೆ ಡಬ್ಬಿ ತೆರೆಯಲಿಲ್ಲ, ಗುಟುಕು ನೀರೂ ಕುಡಿಯಲಿಲ್ಲ. ಕೇಳಿದಾಗಲೆಲ್ಲ "ಆಮೇಲೆ" ಎಂದರು.

ಕೊನೆಗೆ ಕೊಳಕ್ಕೆ ಬಂದರು. ನೀರು ಮುಟ್ಟಬಾರದೆಂಬ ಬೋರ್ಡನ್ನು ಅಳಿಯ ಓದಿ ಹೇಳಿದ. ಅತ್ತೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಚೀಲದಿಂದ ಟವೆಲ್ಲು, ತಂಬಿಗೆ ಹೊರತೆಗೆದರು.

"ಬೆಳಿಗ್ಗೆಯಿಂದ ಮೈಲಿಗೆಯಲ್ಲೇ ಓಡಾಡ್ತಿದೀನಿ, ಅಳಿಯಂದ್ರೇ. ನೀವು ಆ ಕಾವಲಿನವನನ್ನ ಇಂಗ್ಲಿಷಲ್ಲಿ ಮಾತಾಡಿಸ್ತಿರಿ, ನಾನೊಂದು ಮುಳುಗು ಹಾಕಿ ಬಂದ್ಬಿಡ್ತೀನಿ."